ತೊಳೆಯದೆ ಬಿಟ್ಟ ಬೆಸುಗೆ

ಶಲವಡಿ
೪ ಆಗಸ್ಟ್ ೨೦೨೪

ಪ್ರೀತಿಯ ನಂದಾಗೆ ಮುಸರತ್ ಮಾಡುವ ಸಲಾಮು.

ಮೊನ್ನೆ ನೀನು ಫೋನ್ ಮಾಡಿದಾಗ ನಾನು ಬರೀ "ಹೂಂ, ಹೂಂ" ಅಂದೆ. "ಲೇ, ಎಮ್ಮಿ ಮುಂದ ಮಾತಾಡಿದ್ರ ಅದು ಕಿವಿನಾದ್ರೂ ಅಲ್ಲಾಡಸ್ತೈತಿ" ಎಂದು ನೀನು ಬೈದು ಫೋನು ಇಟ್ಟುಬಿಟ್ಟೆ. ಫೋನು ಕಿವಿಗೆ ಹಿಡಿದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ನಿನ್ನ ಗಂಡನ ಮನೆಯವರು ಪಕ್ಕದಲ್ಲಿ ಇರುತ್ತಾರೇನೋ ಎಂಬ ಹೆದರಿಕೆ ಬೇರೆ. ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದು.

ಹೇಳಬೇಕಾದದ್ದು ಏನೆಂದರೆ, ನಾನು ಒಂದು ದೀಪ ಮಾಡಿದ್ದೇನೆ.

ನಮ್ಮ ಯುನೂಸ್ ಅಣ್ಣ ಗೂಡ್ಸ್ ಗಾಡಿ ಓಡಿಸುತ್ತಾನಲ್ಲ, ಅದರ ಮುಂದೆ ಬಣ್ಣದ ಲೈಟು ಹಾಕಬೇಕೆಂದು ಹುಬ್ಬಳ್ಳಿಯಿಂದ ಒಂದು ಪೊಟ್ಟಣ ತಂದಿದ್ದ. ಹೊಸದಾಗಿ ಕಲಿಯುವವರಿಗೆ ಮಾಡಿದ್ದಂತೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಎಲ್‌ಇಡಿ ಬಲ್ಬುಗಳು, ತಂತಿ, ಸೆಲ್ ಹಾಕುವ ಡಬ್ಬಿ, ಬೆಸುಗೆಗೆ ತವರ, ಅದನ್ನು ಕರಗಿಸುವ ಕರೆಂಟಿನ ಕಡ್ಡಿ. ಮೊದಲ ದಿನವೇ ಬೆರಳು ಸುಟ್ಟುಕೊಂಡು "ಇದು ಹೆಂಗಸರ ಕೆಲಸ" ಎಂದು ಮೂಲೆಗೆ ಎಸೆದ. ನಾನು ಎತ್ತಿಕೊಂಡೆ. ಅವನ ಫೋನಿನಲ್ಲಿ ಒಬ್ಬರು ತೋರಿಸಿಕೊಡುವುದನ್ನು ದನಿ ಇಲ್ಲದೆ ನೋಡಿದೆ. ಅವರ ಭಾಷೆ ಹೇಗೂ ತಿಳಿಯುವುದಿಲ್ಲ, ಕೈ ಮಾತ್ರ ನೋಡಿದೆ.

ಬಲ್ಬಿಗೆ ಎರಡು ಕಾಲು, ಒಂದು ಉದ್ದ, ಒಂದು ಗಿಡ್ಡ. ಅದಲುಬದಲಾದರೆ ಹತ್ತುವುದಿಲ್ಲ. ಇದು ತಿಳಿಯುವ ಹೊತ್ತಿಗೆ ಪೊಟ್ಟಣದಲ್ಲಿದ್ದ ಬೆಸುಗೆಯ ಪೇಸ್ಟ್ ಮುಗಿದುಹೋಯಿತು. ಪೇಸ್ಟ್ ಇಲ್ಲದೆ ತವರ ತಂತಿಗೆ ಹಿಡಿಯದು. ಎಣ್ಣೆ ಸವರಿದ ಹೆಂಚಿನ ಮೇಲಿನ ನೀರಿನಂತೆ ಗುಂಡಾಗಿ ಉರುಳಿ ಬೀಳುತ್ತಿತ್ತು.

ಅಬ್ಬಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಅದಕ್ಯಾಕ ಪ್ಯಾಟಿ ಕಡೆ ನೋಡ್ತಿ? ತವರ ಹಿಡಸೂದು ಈ ಗುಲಾಮಹುಸೇನಗ ಗೊತ್ತಿಲ್ಲೇನು? ನವಸಾಗರ ಹಚ್ಚು," ಅಂದರು. (ಅವರು ನಮ್ಮ ಮಾತಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ.)

ನಿಮ್ಮ ಅಂಗಳದಲ್ಲಿ ಅಬ್ಬಾ ಕಲಾಯಿ ಹಾಕುವಾಗ ತಿದಿ ಒತ್ತಲು ನಾವಿಬ್ಬರೂ ಜಗಳವಾಡುತ್ತಿದ್ದೆವಲ್ಲ. ಕಾದ ಹಿತ್ತಾಳೆ ಪಾತ್ರೆಗೆ ಉಪ್ಪಿನಂಥ ನವಸಾಗರದ ಪುಡಿ ಚಿಮುಕಿಸಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ ಅರಳೆಯಿಂದ ಒರೆಸಿದರೆ ಪಾತ್ರೆಯೊಳಗೆ ನಮ್ಮ ಮುಖ ಕಾಣುತ್ತಿತ್ತು. ಅದೇ ಪುಡಿ. ತಂತಿಗೆ ಚಿಟಿಕೆ ಹಚ್ಚಿ ಕರೆಂಟಿನ ಕಡ್ಡಿ ಇಟ್ಟೆ. ಅದೇ ಬಿಳಿ ಹೊಗೆ, ಅದೇ ವಾಸನೆ. ತವರ ಓಡಿ ಬಂದು ಹಿಡಿದುಕೊಂಡಿತು. ಸೆಲ್ ಹಾಕಿದೆ. ಹತ್ತಿತು.

ಮನೆಯವರನ್ನು ಬಿಟ್ಟು ಯಾರಿಗೂ ತೋರಿಸಿಲ್ಲ. ನಿನಗೆ ಮಾತ್ರ ಬರೆದೆ. ನಿನ್ನ ಹೊಟ್ಟೆಯಲ್ಲಿರುವ ಕೂಸಿಗೆ ಮುತ್ತು.

ನಿನ್ನ
ಮುಸರತ್


ತಿರ್ಲಾಪುರ
೧೭ ಆಗಸ್ಟ್ ೨೦೨೪

ಏನಲೇ ಮುಸ್ರೂ,

ನಾ ಮಾತಾಡಿದಂಗ ಬರೀತೀನಿ. ಹತ್ತನೇ ಇಯತ್ತೆ ಪಾಸಾದ್ರೂ ನಿನ್ನಂಗ ಪುಸ್ತಕದ ಕನ್ನಡ ನನಗ ಬರೂದುಲ್ಲ. ಐದನೇತ್ತೆ ಅಂತ ಅಳತಿ, ಬರದಿದ್ದು ನೋಡಿದ್ರ ಮಾಸ್ತರಬಾಯಿ!

ಇಲ್ಲಿ ಎಲ್ಲಾ ಚೊಲೋ. ಕಸ್ತೂರೆವ್ವತ್ತಿ ನನಗ ಕೊಡಾ ಎತ್ತಾಕ ಬಿಡವಲ್ಲಳು. ನಮ್ಮನಿಯವರು ಹೇಮಂತರಾಯರು ದಿನಾ ಸಂಜಿಗೆ ಪ್ಯಾರಲಹಣ್ಣು ತರ್ತಾರ. ತಿಂದು ತಿಂದು ನಾನ ಪ್ಯಾರಲಗಿಡ ಆಗೀನಿ.

ಈಗ ಕೆಲಸದ ಮಾತ ಕೇಳು. ದಸರಾ ಹೊತ್ತಿಗೆ ನನಗ ಏಳ ತಿಂಗಳ ತುಂಬತಾವು, ಬಸರಿ ಕುಬಸ ಮಾಡ್ತಾರ. ತವರಮನಿಯಿಂದ ಏನೇನ ಬರತೈತಿ ಅಂತ ಮಂದಿ ಈಗಿಂದನ ಕಣ್ಣ ಬಿಟ್ಟು ಕುಂತಾರ. ನನಗ ಅವ್ವ ಇಲ್ಲ. ಅಪ್ಪ ಈರಪ್ಪ ಸೀರಿ ತಂದಾನು, ಹಸರ ಬಳಿ ತಂದಾನು, ಆದ್ರ ಗಂಡಸಿಗೆ ಶೃಂಗಾರದ ಖಬರ ಎಲ್ಲಿಂದ ಬರಬೇಕು? ಅದಕ್ಕ ನೀ ನನ್ನ ಕುರ್ಚಿಗೆ ದೀಪದ ಕಮಾನ ಮಾಡು. ನಾ ಹಸರ ಸೀರಿ ಉಟ್ಟು ಕುಂತಿರತೀನಿ, ತಲಿ ಮ್ಯಾಲೆ ಹಸರು ಬಿಳಿ ದೀಪ ಹತ್ತಿರಬೇಕು. ನಮ್ಮ ಮಾವನ ತಂಗಿ ಬರ್ತಾಳ ಹುಬ್ಬಳ್ಳಿಯಿಂದ, ಎಲ್ಲಾರೂ ಆತ್ಯಾ ಅಂತಾರ. ಅಕೀ ನಾಲಗಿ ಅಂದ್ರ ಕುಡಗೋಲು. ಅಕೀ ಬಾಯಿ ಮುಚ್ಚಬೇಕು ನೋಡು.

ಇಲ್ಲಿ ಯಾರಿಗೂ ಹೇಳಿಲ್ಲ. ಅವತ್ತ ಒಮ್ಮಿಗೇ ನೋಡ್ಲಿ. ಒಲ್ಲೆ ಅಂದ್ರ ನೀನೂ ಇಲ್ಲ, ನಿನ್ನ ದೋಸ್ತಿನೂ ಇಲ್ಲ.

ನಂದಾ


ಶಲವಡಿ
೨೬ ಸೆಪ್ಟೆಂಬರ್ ೨೦೨೪

ಪ್ರೀತಿಯ ನಂದಾ,

ಒಲ್ಲೆ ಅನ್ನಲು ನೀನು ಜಾಗವನ್ನೇ ಇಟ್ಟಿರಲಿಲ್ಲ. ಕಮಾನು ಮುಗಿದಿದೆ.

ಈರಪ್ಪ ಕಾಕಾ ಬಿದಿರು ಸೀಳಿ ಬಗ್ಗಿಸಿಕೊಟ್ಟರು. ಅಮ್ಮಿ ಹಸಿರು ಕುಪ್ಪಸದ ಬಟ್ಟೆಯ ತುಂಡುಗಳಲ್ಲಿ ಎಲೆ ಕತ್ತರಿಸಿ ಹೊಲಿದಳು. ಎಲೆಯ ಕೆಳಗೆ ತಂತಿ ಅಡಗಿದೆ, ಎಲೆಯ ತುದಿಗೆ ಬಲ್ಬು. ಬೆಸುಗೆಯೆಲ್ಲ ನನ್ನದೇ.

ಅಬ್ಬಾನನ್ನು ನೀನು ನೋಡಬೇಕಿತ್ತು. ಎಲ್ಲರ ಮನೆಯಲ್ಲೂ ಸ್ಟೀಲಿನ ಪಾತ್ರೆ ಬಂದ ಮೇಲೆ ಅವರ ತಿದಿ ಅಟ್ಟ ಸೇರಿದೆ, ನಿನಗೆ ಗೊತ್ತು. ಈಗ ದಿನಾ ಮುಂಜಾನೆ ನನ್ನ ಎದುರು ಕೂತು ನವಸಾಗರ ಕುಟ್ಟಿ, ಅಮ್ಮಿಯ ಓಢಣಿಯಲ್ಲಿ ಸೋಸಿ, ಹಿಟ್ಟಿನಂತೆ ನುಣ್ಣಗೆ ಮಾಡಿಕೊಡುತ್ತಾರೆ. ಓಣಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತಾರೆ. "ಬರ್ರಿ ಬರ್ರಿ, ಕಲಾಯಿ ಸತ್ತಿಲ್ಲ ನೋಡ್ರಿ. ಪಾತೇಲಿ ಬಿಟ್ಟು ದೀಪ ಹತ್ತೈತಿ." ಜನ ಬಂದರೆ ನಾನು ಅಡುಗೆಮನೆಗೆ ಓಡುತ್ತೇನೆ. ಆದರೆ ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸಿಕೊಳ್ಳುತ್ತೇನೆ. ನಂದಾ, ನನಗೆ ಸ್ವಲ್ಪ ಸೊಕ್ಕು ಬಂದಿರಬೇಕು.

ಸೆಲ್ಲಿನ ಡಬ್ಬಿಯಿಂದ ತಂತಿ ಹೊರಡುವ ಜಾಗ ಕಳಚಿದರೆ ಇಡೀ ಕಮಾನೇ ಹೋಗುತ್ತದೆ. ಅದಕ್ಕೇ ಅಲ್ಲಿ ಗಟ್ಟಿಯಾಗಿರಲಿ ಎಂದು ಎಲ್ಲಕ್ಕಿಂತ ಹೆಚ್ಚು ನವಸಾಗರ ಹಾಕಿ ದಪ್ಪ ಬೆಸುಗೆ ಕೂರಿಸಿದೆ. ಕರೆಂಟಿನ ಸಾಮಾನಿಗೆ ನೀರು ತಾಗಬಾರದೆಂದು ಒಣ ಬಟ್ಟೆಯಿಂದ ಒರೆಸಿ ಟೇಪು ಸುತ್ತಿದ್ದೇನೆ. ಇಲ್ಲಿ ಮಳೆ ಬಿಟ್ಟೇ ಇಲ್ಲ. ಎರಿಮಣ್ಣು ಚಪ್ಪಲಿ ಕಿತ್ತುಕೊಳ್ಳುತ್ತಿದೆ. ಕಮಾನನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ದಸರಾದ ಐತವಾರ ನಿನ್ನ ತವರಿನ ಬುತ್ತಿಯ ಜೊತೆ ಯುನೂಸ್ ಅಣ್ಣನ ಗಾಡಿಯಲ್ಲೇ ಬರುತ್ತೇವೆ. ಹೆರಿಗೆಗೆ ನೀನು ಇಲ್ಲಿಗೆ ಬಂದಾಗ ಕೂಸಿಗೆ ಎಣ್ಣೆನೀರು ಹಾಕುವವಳು ತಾನೇ ಎಂದು ಅಮ್ಮಿ ಈಗಲೇ ಹೇಳಿಟ್ಟಿದ್ದಾಳೆ. ಓಣಿಯ ಎಲ್ಲಾ ಕೂಸುಗಳೂ ಈ ಮೆಹರುನಬಿಯ ಕಾಲ ಮೇಲೆ ಮಿಂದೇ ದೊಡ್ಡವರಾದದ್ದಂತೆ!

ನಿನ್ನ ದೋಸ್ತಿಯನ್ನು ಉಳಿಸಿಕೊಂಡ
ಮುಸರತ್


ಶಲವಡಿ
೯ ಅಕ್ಟೋಬರ್ ೨೦೨೪

ನಂದಾ,

ಹೇಗೆ ಶುರು ಮಾಡಲಿ ತಿಳಿಯುತ್ತಿಲ್ಲ. ತಪ್ಪಾಯಿತು.

ಐತವಾರ ನಿಮ್ಮ ಪಡಸಾಲೆಯಲ್ಲಿ ಕಮಾನು ನಿಲ್ಲಿಸಿ ಸ್ವಿಚ್ ಒತ್ತಿದಾಗ ಹೆಂಗಸರೆಲ್ಲ "ಅಯ್ಯ, ಅಯ್ಯ" ಅಂದದ್ದು ಇನ್ನೂ ಕಿವಿಯಲ್ಲಿದೆ. ಕಸ್ತೂರೆವ್ವ ಅತ್ತೆ ನನ್ನ ಗದ್ದ ಹಿಡಿದು "ಬಂಗಾರದ ಕೈ ಐತವಾ ನಿನ್ನದು" ಅಂದರು. ನೀನು ಹಸಿರು ಸೀರೆಯಲ್ಲಿ ಕೂತಿದ್ದೆ. ಒಮ್ಮೆ ನನ್ನ ಕಡೆ ಕಣ್ಣು ಹೊಡೆದೆ. ನನ್ನ ಇಡೀ ಜನ್ಮದಲ್ಲಿ ಅಂಥ ಒಂದು ಗಳಿಗೆ ಬಂದಿರಲಿಲ್ಲ.

ಉಡಿ ತುಂಬಿ ಆಯಿತು. ಆರತಿಗೆ ಮುತ್ತೈದೆಯರು ಎದ್ದರು. ಜಾಗ ಸಾಲದೆಂದು ಯಾರೋ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದರು, ಕಮಾನು ಅಲುಗಿತು. ದೀಪ ಒಮ್ಮೆ ಕಣ್ಣು ಪಿಳುಕಿಸಿದ ಹಾಗೆ ಮಾಡಿತು. ಮತ್ತೆ ಹತ್ತಿತು. ಆರತಿಯ ತಟ್ಟೆ ನಿನ್ನ ಮುಖದ ಎದುರು ಬಂದಾಗ ಎಲ್ಲಾ ಒಟ್ಟಿಗೆ ಹೋದವು.

ಹಾಡು ನಿಂತುಹೋಯಿತು. ನಮ್ಮ ಮನೆಗಳಲ್ಲಿ ಸಂಜೆಯ ದೀಪಕ್ಕೆ 'ಆರಿತು' ಎಂಬ ಮಾತನ್ನೂ ಆಡುವುದಿಲ್ಲ. ಅಂಥದ್ದರಲ್ಲಿ ಬಸುರಿಯ ತಲೆಯ ಮೇಲೆ, ಅದೂ ಆರತಿಯ ಹೊತ್ತಿನಲ್ಲಿ.

ನಾನು ಓಡಿ ಹೋಗಿ ಡಬ್ಬಿ ತೆಗೆದೆ. ಸೆಲ್ ತೆಗೆದು ಹಾಕಿದೆ, ತಿರುಗಿಸಿ ಹಾಕಿದೆ. ಅವಸರದಲ್ಲಿ ಒಂದು ಸೆಲ್ ಕೈಜಾರಿ ಉರುಳಿ ನಿಮ್ಮ ಆತ್ಯಾನ ಕಾಲ ಬಳಿ ಹೋಯಿತು. ಅವರು ಅದನ್ನು ಎತ್ತಿಕೊಡಲಿಲ್ಲ. "ಕತ್ತಲಿ ಆತಲ್ಲವಾ ಬಸರಿ ತಲಿ ಮ್ಯಾಲೆ! ಯಾರು ತರಾಕ ಹೇಳಿದ್ರು ಇದನ್ನ?" ಅಂದರು. ಕಸ್ತೂರೆವ್ವ ಅತ್ತೆ "ಇರ್ಲಿ ಬಿಡ್ರಿ, ಎಣ್ಣಿದೀಪ ಹತ್ತೇತಲ್ಲ" ಅಂದರು. ಆದರೆ ಆರತಿಯನ್ನು ಬೇಗ ಬೇಗ ಮುಗಿಸಿ ತಟ್ಟೆ ಕೆಳಗಿಟ್ಟರು.

ಆಮೇಲೆ ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಯಾರು ಏನು ಅಂದರೋ ನನಗೆ ಗೊತ್ತಿಲ್ಲ. ಏನು ಅಂದಿದ್ದರೂ ನನ್ನ ಕಿವಿಗೆ ಬಿದ್ದಿಲ್ಲ. ಇದನ್ನು ನೀನು ನಂಬಬೇಕು.

ಊಟಕ್ಕೆ ಏಳಲಿಲ್ಲವೆಂದು ತಪ್ಪು ತಿಳಿಯಬೇಡ. ಗಾಡಿಯಲ್ಲಿ ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ನಿನ್ನ ಮೈ ಹೇಗಿದೆ? ಕೂಸು ಹೊರಳುತ್ತದೆಯೇ? ಒಂದು ಸಾಲು ಬರಿ.

ಮುಸರತ್


ಶಲವಡಿ
೪ ನವೆಂಬರ್ ೨೦೨೪

ಪ್ರೀತಿಯ ನಂದಾಗೆ,

ನಿನ್ನ ಸಾಲು ಬರಲಿಲ್ಲ. ದೀಪಾವಳಿಗೆ ಬರುತ್ತೀಯ ಎಂದು ದಾರಿ ನೋಡಿದೆ. ಕರೆಯಲು ಬಂದ ಈರಪ್ಪ ಕಾಕಾ ಒಬ್ಬರೇ ಬಸ್ಸಿನಿಂದ ಇಳಿದರು. "ಹೆರಿಗಿಗೂ ಕಳಸೂದುಲ್ಲಂತ. ಅಲ್ಲೇ ನವಲಗುಂದಕ್ಕ ತೋರಸ್ತಾರಂತ," ಅಂದರು. ಅಮ್ಮಿ ಕೂಸಿಗೆಂದು ಮೆತ್ತಗೆ ಮಾಡಿಟ್ಟಿದ್ದ ಹಳೆಯ ಸೀರೆಗಳನ್ನು ಮಡಿಸಿ ಟ್ರಂಕಿಗೆ ಹಾಕಿದಳು.

ಕಮಾನು ಯಾಕೆ ಹೋಯಿತು ಎಂದು ತಿಳಿಯದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಯುನೂಸ್ ಅಣ್ಣ ಅಣ್ಣಿಗೇರಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡುವ ಗಂಗಪ್ಪ ಎಂಬುವವರ ಅಂಗಡಿ ಇದೆ. ನಾನು ಕಮಾನನ್ನು ಅವರ ಟೇಬಲ್ಲಿನ ಮೇಲೆ ಇಟ್ಟು ಸುಮ್ಮನೆ ನಿಂತೆ.

"ಏನವಾ, ದೀಪಕ್ಕ ಜೀವಿಲ್ಲ, ತಂದಾಕಿಗೆ ಬಾಯಿಲ್ಲ. ನಾ ಯಾರಿಗೆ ಔಷಧ ಕೊಡ್ಲಿ?" ಅಂದರು. ಅಂಗಡಿಯಲ್ಲಿ ಕೂತಿದ್ದವರು ನಕ್ಕರು.

ಡಬ್ಬಿಯ ಬಳಿಯ ಟೇಪು ಬಿಚ್ಚಿದರು. ನಂದಾ, ನಾನು ಎಲ್ಲಕ್ಕಿಂತ ಗಟ್ಟಿ ಮಾಡಿದ ಜಾಗ ಅದೇ. ಅಲ್ಲಿ ಬೆಸುಗೆಯೇ ಕಾಣಲಿಲ್ಲ. ಹಸಿರು ಹಿಟ್ಟು ಮೆತ್ತಿಕೊಂಡಿತ್ತು. ತಂತಿ ಕೂದಲಿನಷ್ಟು ಸಣ್ಣಗಾಗಿ ಕಡಿದು ಬಿದ್ದಿತ್ತು.

"ಇದೇನು ಬೆಸುಗಿನೋ, ಕೆಟ್ಟ ಉಪ್ಪಿನಕಾಯಿನೋ? ಏನ ಹಚ್ಚೀದಿ?"

"ನವಸಾಗರ," ಅಂದೆ. ಅಷ್ಟೇ ನನ್ನ ಬಾಯಿಂದ ಬಂದದ್ದು.

ಗಂಗಪ್ಪ ನಗುವುದನ್ನು ನಿಲ್ಲಿಸಿದರು. "ಕಲಾಯಿ ಗುಲಾಮಹುಸೇನನ ಮಗಳೇನು ನೀ? ಮತ್ತ ಹಂಗ ಹೇಳಬಾರದ? ಅದು ಪಾತೇಲಿಗೆ ಚೊಲೋ, ತಂತಿಗೆ ವಿಷ. ಹಸಿ ಹವಾ ಕುಡಕೊಂತ ಕುಂಡ್ರತೈತಿ, ತಾಮ್ರಾನ ತಿನಕೊಂತ ಹೋಗತೈತಿ. ರಾಳ ಹಚ್ಚಬೇಕಿತ್ತವಾ." ಒಂದು ತುಂಡು ರಾಳವನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಅದನ್ನು ಹಿಡಿದುಕೊಳ್ಳುವಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪಾತ್ರೆಯ ಕಿಲುಬಿನಿಂದ ಜನರ ಹೊಟ್ಟೆ ಕೆಡಬಾರದೆಂದು ಕಲಾಯಿ ಹಾಕಿಕೊಂಡು ಬಂದ ಮನೆ ನಮ್ಮದು. ನಾವೇ ಕಿಲುಬು ಕಟ್ಟಿ ನಿನ್ನ ತಲೆಯ ಮೇಲೆ ನಿಲ್ಲಿಸಿದೆವು.

ಇದನ್ನು ಅಬ್ಬಾಗೆ ಹೇಳಿಲ್ಲ. "ಗಂಗಪ್ಪ ಏನಂದಾ?" ಎಂದು ಕೇಳಿದರು. "ಸೆಲ್ ಹಳೇವಿದ್ವಂತ" ಎಂದು ಸುಳ್ಳು ಹೇಳಿದೆ. "ನಾ ಅನ್ನಲಿಲ್ಲಾ? ಬೆಸುಗಿ ಹೋಗೂ ಮಾತ ಇಲ್ಲ," ಎಂದು ಅವರು ಮೀಸೆ ಸವರಿಕೊಂಡರು. ಆಮೇಲೆ ನಾನು ಅವರ ಮುಖ ನೋಡುವುದನ್ನೇ ಬಿಟ್ಟಿದ್ದೇನೆ. ಕಮಾನನ್ನು ಜೋಳದ ಚೀಲದ ಹಿಂದೆ ಇಟ್ಟಿದ್ದೇನೆ.

ಇನ್ನೊಂದು ಮಾತು. ನಿನ್ನೆ ನಲ್ಲಿಯ ಬಳಿ ಓಣಿಯ ಕೊನೆಮನೆಯ ಜುಲೇಖಾಬಿ ಖಾಲಾ ಎಲ್ಲರ ಮುಂದೆ, "ಆ ಹುಡುಗಿ ಹೆರಿಗಿ ನೆಟ್ಟಗಾದ್ರ ಸಾಕವಾ. ಹೆಚ್ಚುಕಡಿಮಿ ಆದ್ರ ಮಂದಿ ಬಾಯಾಗ ನಿನ್ನ ದೀಪಾನ ಬರತೈತಿ," ಅಂದರು. ಅವರು ಹೇಳುವ ಮೊದಲೇ ಅದು ನನ್ನ ಎದೆಯಲ್ಲಿತ್ತು. ಬಲ್ಬಿಗೂ ಕೂಸಿಗೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೊಡ ತುಂಬುವಷ್ಟರಲ್ಲಿ ಮತ್ತೆ ಅದೇ ಹೆದರಿಕೆ.

ನೀನು ಬೈದಾದರೂ ಬರಿ.

ಮುಸರತ್


ತಿರ್ಲಾಪುರ
೧೩ ನವೆಂಬರ್ ೨೦೨೪

ಮುಸರತ್,

ನಾ ಚೊಲೋ ಅದೀನಿ. ಸದ್ಯ ಪತ್ರ ಬರೀಬ್ಯಾಡ. ಇಲ್ಲಿ ಎಲ್ಲಾರೂ ಓದ್ತಾರ.

ನಂದಾ


ತಿರ್ಲಾಪುರ
೨೧ ಡಿಸೆಂಬರ್ ೨೦೨೪

ಮುಸ್ರೂ,

ಅಪ್ಪ ಹೇಳಿರಬೇಕು. ಮಂಗಳವಾರ ನವಲಗುಂದದ ದವಾಖಾನ್ಯಾಗ ಹೆಣ್ಣ ಕೂಸ ಹುಟ್ಟೇತಿ. ತಲಿ ತುಂಬ ಕೂದಲಾ, ಅಗದಿ ಜೋರ ದನಿ. ಕಸ್ತೂರೆವ್ವತ್ತಿ "ನಮ್ಮ ಮನಿ ಲಕ್ಷ್ಮಿ" ಅಂತ ತೊಡಿಮ್ಯಾಲಿಂದ ಇಳಸವಲ್ಲಳು. ಕೂಸಿಗೂ ಏನಾಗಿಲ್ಲ, ನನಗೂ ಏನಾಗಿಲ್ಲ. ಇದನ್ನ ಮೊದಲ ಬರೀಬೇಕಂತ ಬರದೀನಿ, ನೀ ಅಂಜಿಕೊಂಡ ಕುಂತಿರತಿ ಅಂತ ಗೊತ್ತು.

ಈಗ ಮಲಕೊಂಡಲ್ಲೇ ಬರೀಲಿಕತ್ತೀನಿ. ಕೂಸ ಮಲಗೇತಿ. ಅದು ಏಳೂದ್ರಾಗ ಬರದ ಮುಗಸಬೇಕು, ಇಲ್ಲಂದ್ರ ಮತ್ತ ನನಗ ಧೈರ್ಯ ಬರೂದುಲ್ಲ.

ನಿನಗ ಸುಳ್ಳ ಹೇಳೀನಿ. ಇಲ್ಲಿ ನಿನ್ನ ಪತ್ರ ಯಾರೂ ಓದೂದುಲ್ಲ. ಅತ್ತಿಗೆ ಓದಾಕ ಬರೂದುಲ್ಲ, ಇವರು ಮುಟ್ಟೂದುಲ್ಲ. ನಿನ್ನ ಅಕ್ಷರ ಕಂಡ್ರ ನನಗ ಮುಖ ಸುಡತಿತ್ತು, ಅದಕ್ಕ ಬ್ಯಾಡ ಅಂದ್ನಿ. ಹೆರಿಗಿಗೆ ಕಳಸೂದುಲ್ಲ ಅಂದವರೂ ಇವರಲ್ಲ. ಅತ್ತಿ "ಹೋಗವಾ, ಚೊಚ್ಚಲ ಐತಿ, ತವರಿಗೆ ಹೋಗು" ಅಂತ ಚೀಲಾ ಸೈತ ತುಂಬಿದ್ಲು. ನಾನ ಒಲ್ಲೆ ಅಂದ್ನಿ, ಇವರ ಕಳಸೂದುಲ್ಲಂತ ಅಪ್ಪಗ ಸುಳ್ಳ ಹೇಳಿ ಕಳಿಸಿದ್ನಿ. ನಮ್ಮ ಮನಿ ಬಾಗಲಕ್ಕೂ ನಿಮ್ಮ ಮನಿ ಬಾಗಲಕ್ಕೂ ನಡುವ ಒಂದ ಬೇವಿನಗಿಡಾ. ದಿನಾ ನಿನ್ನ ಮುಖಾ ಹೆಂಗ ನೋಡ್ಲಿ?

ಯಾಕಂತ ನಿನಗೂ ಗೊತ್ತೈತಿ. ಅವತ್ತ ಆತ್ಯಾ "ಯಾರು ತರಾಕ ಹೇಳಿದ್ರು ಇದನ್ನ?" ಅಂತ ಕೇಳಿದ್ಲು. ಪತ್ರಾ ಬರದು, ಹಟಾ ಮಾಡಿ, ದೋಸ್ತಿ ಮುರೀತೀನಿ ಅಂತ ಅಂಜಿಸಿ ತರಿಸಿದಾಕಿ ನಾನು. ನಾ ಏನಂದ್ನಿ? "ನನಗ ಗೊತ್ತಿಲ್ಲರಿ ಆತ್ಯಾ. ನಾ ಏನ ಹೇಳಿದ್ದಿಲ್ಲ. ನಮ್ಮ ಓಣ್ಯಾಗಿನ ಹುಡುಗಿ, ತಾನ ತಂದಾಳ" ಅಂದ್ನಿ. ಓಣ್ಯಾಗಿನ ಹುಡುಗಿ. ನಿನ್ನ ಹೆಸರ ಸೈತ ನನ್ನ ಬಾಯಾಗ ಬರಲಿಲ್ಲ. ಆಮ್ಯಾಲೆ ಅಕಿ "ಕಂಡಕಂಡವರ ಕೈಯಿಂದ ಮಂಗಳದ ಹೊತ್ತಿನ್ಯಾಗ ಏನೂ ಇಸಗೋಬಾರದು" ಅಂದ್ಲು. ಅದಕ್ಕೂ ಗೋಣ ಹಾಕಿದ್ನಿ ನಾ.

ನೀ ಹಿತ್ತಲಕ್ಕ ಹೋಗಿದ್ನಿ, ಏನೂ ಕೇಳಲಿಲ್ಲ ಅಂತ ಬರದಿ. ಲೇ ಹುಚ್ಚಿ, ನಮ್ಮನ್ಯಾಗ ಹಿತ್ತಲಕ್ಕ ಹೋಗಬೇಕಂದ್ರ ನನ್ನ ಕುರ್ಚಿ ಮುಂದಿಂದನ ಹೋಗಬೇಕು. ನೀ ಹೋಗಲಿಲ್ಲ. ಬಾಗಲದ ಹಿಂದ ನಿನ್ನ ಓಢಣಿ ಸೆರಗ ಕಾಣತಿತ್ತು. ಅದನ್ನ ನೋಡಿಕೊಂತನ ಅಂದೀನಿ ನಾ ಆ ಮಾತ.

ನಾಳಿ ಬಿಟ್ಟು ಮುಂದಿನ ಐತವಾರ ಕೂಸಿನ್ನ ತೊಟ್ಟಲಕ್ಕ ಹಾಕ್ತೀವಿ. ಅಪ್ಪ ಶುಕ್ರವಾರನ ಬರ್ತಾನ. ಬಾ ಅಂತ ಕರಿಯಾಕ ನನಗ ಬಾಯಿಲ್ಲ. ಒಂದ ಹೇಳು. ಕೇಳಿಸ್ತೋ, ಇಲ್ಲೋ?

ನಂದಾ


ಶಲವಡಿ
೨೬ ಡಿಸೆಂಬರ್ ೨೦೨೪

ಪ್ರೀತಿಯ ನಂದಾ,

ಕೇಳಿಸಿತ್ತು. ಪೂರಾ ಕೇಳಿಸಿತ್ತು.

ಈ ಪತ್ರವನ್ನು ಈರಪ್ಪ ಕಾಕಾನ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ನಿನಗೆ ಮುಟ್ಟುತ್ತದೆ.

ಸಿಟ್ಟು ಬರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ತುಂಬಾ ಬಂತು. ನಾನು ತಪ್ಪಾಯಿತು ಎಂದು ಬರೆದ ಪತ್ರಗಳಲ್ಲೆಲ್ಲ ಆ ಸಿಟ್ಟು ಇತ್ತು. ಅದು ಕಾಣಬಾರದೆಂದೇ ಅಷ್ಟು ಉದ್ದ ಬರೆಯುತ್ತಿದ್ದೆ. ನಿನ್ನ ಪತ್ರ ಬಂದು ಮೂರು ವರ್ಷವಾದ ಹಾಗಿದೆ, ನಿನ್ನೆಯಷ್ಟೇ ಬಂದದ್ದು. ಅಷ್ಟರಲ್ಲಿ ಎಷ್ಟು ಸಲ ಓದಿದೆನೋ.

ಆದರೆ ನಡುವೆ ಇಲ್ಲೊಂದು ನಡೆಯಿತು. ಅದನ್ನು ಹೇಳದೆ ನಿನಗೆ ಕ್ಷಮಿಸಿದೆ ಎಂದು ಬರೆಯುವ ಯೋಗ್ಯತೆ ನನಗಿಲ್ಲ.

ಈ ತಿಂಗಳ ಮೊದಲಿಗೆ ಅಬ್ಬಾ ಜೋಳದ ಚೀಲ ಸರಿಸುವಾಗ ಕಮಾನು ಸಿಕ್ಕಿತು. ಹೊಸ ಸೆಲ್ ಹಾಕಿ ನನ್ನನ್ನು ಖುಷಿಪಡಿಸಬೇಕೆಂದು ಡಬ್ಬಿ ತೆಗೆದಿದ್ದಾರೆ. ನಾನು ಕಸ ಗುಡಿಸುತ್ತಾ ಒಳಗೆ ಬಂದಾಗ ಅವರು ನೆಲದ ಮೇಲೆ ಕೂತು ಆ ಹಸಿರನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಕಿಲುಬು," ಅಂದರು. ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಸೆಲ್ ಹಳೇವು ಅಂದಿದ್ದೆಲ್ಲ ನೀ?"

ನಾನು ಕಸಬರಿಗೆ ಕೆಳಗಿಟ್ಟೆ.

"ಪಾತೇಲಿ ಆಗಿದ್ರ ತೊಳೀತಿದ್ವಿ. ಕಲಾಯಿ ಆದ ಮ್ಯಾಲೆ ಹುಣಸಿಹಣ್ಣ ಹಚ್ಚಿ ತೊಳೀಲಾರದ ಒಂದ ಪಾತೇಲಿನೂ ನಾ ಯಾರ ಮನೀಗೂ ಕೊಟ್ಟಿಲ್ಲ. ನವಸಾಗರ ಉಳದ್ರ ತಿಂತೈತಿ ಅಂತ ನನ್ನಪ್ಪ ಹೇಳಿಕೊಟ್ಟಿದ್ದ. ಕರೆಂಟಿನ ಸಾಮಾನ ಅಂತ ನೀರಿಗೆ ಅಂಜಿ ಕುಂತ್ವಿ. ಗೊತ್ತಿದ್ದೂ ಹೊಳೀಲಿಲ್ಲ ನೋಡು ನನಗ."

ಮರುದಿನ ಅವರು ಓಣಿಯ ಕಟ್ಟೆಗಳಿಗೆಲ್ಲ ಹೋದರು. ಕಮಾನು ತೋರಿಸಲು ಯಾರನ್ನೆಲ್ಲ ಕರೆದಿದ್ದರೋ ಅವರಿಗೆಲ್ಲ ಹೇಳಿದರು. "ನಮ್ಮ ಹುಡುಗೀ ಕೈ ತಪ್ಪಿಲ್ಲರಿ. ನವಸಾಗರ ಹಚ್ಚು ಅಂದಾಂವ ನಾನು. ಅಕೀಗೆ ಏನೂ ಅನಬ್ಯಾಡ್ರಿ." ನಮ್ಮ ಬಾಗಿಲ ಎದುರೇ ಜುಲೇಖಾಬಿ ಖಾಲಾ, "ಅಯ್ಯ ಭಾಯಿ, ಇಷ್ಟ ವರ್ಷ ಕಲಾಯಿ ಹಾಕಿ ಏನ ಕಲ್ತೀ ಮತ್ತ?" ಅಂದರು. ಅಬ್ಬಾ ನಕ್ಕರು. "ಏನೂ ಕಲೀಲಿಲ್ಲ ತಗೋವಾ" ಅಂದರು.

ನಾನು ಕಸಬರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಒರೆಸಿ, ಟೇಪು ಸುತ್ತಿ, ಗಟ್ಟಿಯಾಯಿತು ಎಂದವಳು ನಾನು. ನಿಜ ಗೊತ್ತಾದ ಮೇಲೂ ಮುಚ್ಚಿಟ್ಟವಳು ನಾನು. "ಖಾಲಾ, ಅಬ್ಬಾದಲ್ಲ, ನಂದು" ಎಂಬಷ್ಟೇ ಮಾತು ಬೇಕಿತ್ತು. ಬಾಯಿ ತೆರೆಯಲಿಲ್ಲ. ಅಬ್ಬಾ ಒಳಗೆ ಬರುವಾಗ ನನ್ನ ತಲೆ ಮುಟ್ಟಿ ಹೋದರು. ನಾನು ಕಸ ಗುಡಿಸುತ್ತಲೇ ಇದ್ದೆ. ಅಂಗಳದಲ್ಲಿ ಕಸವೇ ಇರಲಿಲ್ಲ.

ನಿನ್ನ ಮೇಲಿದ್ದ ಸಿಟ್ಟು ಅಲ್ಲಿ ನಿಂತುಹೋಯಿತು. ಕರಗಿತು ಅನ್ನಲಾರೆ. ಅದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ ಎಂದು ತಿಳಿಯಿತು. ನಿನ್ನೆ ನಿನ್ನ ಪತ್ರ ಓದಿದ ಮೇಲೆ ಜುಲೇಖಾಬಿ ಖಾಲಾನ ಮನೆಗೆ ಹೋಗಿ ಹೇಳಿ ಬಂದೆ. ಅರ್ಧ ಮಾತು ಹೊರಬಂತು, ಅರ್ಧ ಬರಲಿಲ್ಲ. "ಅದನ್ನ ಹೇಳಾಕ ಇಷ್ಟ ದೂರ ಬಂದೇನು? ಕುಂಡ್ರು, ಚಹಾ ಕುಡಿ," ಅಂದರು. ಕುಡಿದು ಬಂದೆ.

ಇನ್ನೂ ಒಂದಿದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಈರಪ್ಪ ಕಾಕಾ ಓಡುತ್ತಾ ಬಂದು "ಹೆಣ್ಣ ಕೂಸ! ಇಬ್ಬರೂ ಚೊಲೋ ಅದಾರ!" ಎಂದು ಕೂಗಿದಾಗ ಅಮ್ಮಿ ಅಲ್ಲೇ ದುವಾ ಮಾಡಿದಳು. ನನ್ನ ಮನಸ್ಸಿಗೆ ಮೊದಲು ಬಂದದ್ದು ನೀನಲ್ಲ, ಕೂಸಲ್ಲ. 'ಸದ್ಯ, ಇನ್ನು ನನ್ನ ಹೆಸರು ಬರುವುದಿಲ್ಲ' ಎಂದು ಬಂತು. ಇಷ್ಟು ದಿನ ನಾನು ಬೇಡಿಕೊಂಡದ್ದು ನಿನಗಾಗಿ ಎಂದುಕೊಂಡಿದ್ದೆ. ಆ ಕೂಸಿನ ಮುಖ ನೋಡುವ ಮೊದಲು ಇದನ್ನು ನಿನಗೆ ಹೇಳಿರಬೇಕು ಅನ್ನಿಸಿತು.

ಐತವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಅಮ್ಮಿ ತೊಟ್ಟಿಲ ಬಟ್ಟೆ ಕಳಿಸುತ್ತಾಳೆ. ನಾನು ಮಾಡಿದ್ದು ಏನೂ ತರುವುದಿಲ್ಲ.

ನಿಮ್ಮ ಪಡಸಾಲೆಯಲ್ಲಿ ಅದೇ ಹೆಂಗಸರು ಇರುತ್ತಾರೆ, ನಿಮ್ಮ ಆತ್ಯಾನೂ ಇರುತ್ತಾರೆ. ನಾನು ಒಳಗೆ ಬಂದ ಕೂಡಲೇ ನೋಡುತ್ತಾರೆ. ನನಗೆ ಮಾತು ಬರುವುದಿಲ್ಲ, ಅದು ನಿನಗೆ ಗೊತ್ತಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತೇನೆ. ಯಾರೀಕಿ ಎಂದು ಅವರು ಕೇಳಿದರೆ, ನೀನು ಹೇಳು.

ಮುಸರತ್